ಸಾಲಾಗಿ ನಿಂತ ನಾಲ್ಕುಗಳು

ನಾನು ಯಾರನ್ನೂ ಬೇಗ ನಂಬುವವನಲ್ಲ. ತರಕಾರಿಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಮುಳ್ಳಿನ ಮೇಲಿರುತ್ತದೆ. ‘ಸಮೀಕ್ಷೆಯೊಂದರ ಪ್ರಕಾರ’ ಎಂದು ಶುರುವಾದ ಪೇಪರಿನ ಸುದ್ದಿಯನ್ನು ಎರಡನೇ ಸಾಲಿನ ಆಚೆಗೆ ಓದಿದ್ದು ಕಡಿಮೆ. ಕ್ಯಾಲೆಂಡರಿನಲ್ಲಿ ಬುಧವಾರ ಅಂತ ಇದ್ದರೂ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿಕೊಂಡು ಬರುವ ಪೈಕಿ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ದಾವಣಗೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಲೆ ಈ ಸ್ವಭಾವವೇ ನನಗೊಂದು ಉದ್ಯೋಗ ಕೊಟ್ಟಿತು.

ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಎಂ.ಡಿ. ಓದುವ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಬರುತ್ತಿದ್ದರು. ಪ್ರಬಂಧ ಕೊಡಲು ವಾರವಿದೆ ಎನ್ನುವಾಗಲೇ ಅವರಿಗೆ ನನ್ನ ನೆನಪಾಗುವುದು. ಫಲಿತಾಂಶ ಗಟ್ಟಿಯಾಗಿ ಕಾಣಬೇಕು, ಪಿ ವ್ಯಾಲ್ಯೂ ಸ್ವಲ್ಪ ಕಡಿಮೆ ಬರುವ ಹಾಗೆ ಮಾಡಿಕೊಡಿ ಸಾರ್ ಎಂದು ಕೇಳುವಾಗ ಅವರ ಮುಖದಲ್ಲಿ ಸಂಕೋಚವೂ ಇರುತ್ತಿರಲಿಲ್ಲ, ಟೈಲರಿಗೆ ಪ್ಯಾಂಟು ಕೊಟ್ಟು ಎರಡಿಂಚು ಮಡಿಸಿ ಎಂದ ಹಾಗೆ. ಅಂಥವರಿಗೆ ಹೆಂಡತಿ ಮಂಡಕ್ಕಿ ಕೊಡುತ್ತಿದ್ದಳು, ನಾನು ಬೈಗುಳ ಕೊಡುತ್ತಿದ್ದೆ. ಹೀಗೆ ಬೈಯುವ ಮುದುಕ ಎಂದು ಊರಲ್ಲಿ ಹೆಸರಾಗಿದ್ದರಿಂದಲೇ ಒಬ್ಬ ಲೇಡಿ ಡಾಕ್ಟರು ತಮ್ಮ ಸಂಶೋಧನೆಯ ಅಂಕಿಅಂಶ ನೋಡಿಕೊಳ್ಳಲು ನನ್ನನ್ನು ಕರೆದರು.

ಅವರ ಪ್ರಶ್ನೆ ಸರಳವಾಗಿತ್ತು. ಬಿ.ಪಿ. ಇರುವ ಹೆಂಗಸರಿಗೆ ಗುಳಿಗೆ ಬರೆದುಕೊಡುತ್ತೇವೆ, ಬಿ.ಪಿ. ಮಾತ್ರ ಇಳಿಯುವುದಿಲ್ಲ. ಅವರು ಗುಳಿಗೆಯನ್ನು ದಿನವೂ ನುಂಗುತ್ತಾರಾ? ಬಿಟ್ಟರೆ ಯಾಕೆ ಬಿಡುತ್ತಾರೆ? ಮನೆಮನೆಗೆ ಹೋಗಿ ಕೇಳಲು ಇಬ್ಬರನ್ನು ಗೊತ್ತು ಮಾಡಿದ್ದರು. ಒಬ್ಬ ದಾವಣಗೆರೆಯ ಯುವಕ, ಸಮಾಜಕಾರ್ಯ ಓದಿದವನು. ಅವನಿಗೆ ಮಂಡಿಪೇಟೆ ಮತ್ತು ಸುತ್ತಲಿನ ಓಣಿಗಳು. ಇನ್ನೊಬ್ಬಳು ಹರಿಹರದ ಹೆಂಗಸು, ಮೂವತ್ತೈದರ ಆಸುಪಾಸು, ಹಿಂದೆ ಯಾವುದೋ ಆರೋಗ್ಯ ಯೋಜನೆಯಲ್ಲಿ ಹಳ್ಳಿ ತಿರುಗಿದ್ದವಳು, ಅವಳಿಗೆ ಕಡರನಾಯಕನಹಳ್ಳಿ.

ಪ್ರಶ್ನಾವಳಿ ಮಾಡಿದ್ದು ನಾನು. ಕಳೆದ ನಾಲ್ಕು ವಾರದಲ್ಲಿ ಎಷ್ಟು ದಿನ ಗುಳಿಗೆ ತಪ್ಪಿತು ಎಂಬ ಪ್ರಶ್ನೆಗೆ ಒಂದು ಅಂಕಿ. ಯಾಕೆ ತಪ್ಪಿತು ಎಂಬುದಕ್ಕೆ ನಾಲ್ಕು ಉತ್ತರ: ಒಂದು ಅಂದರೆ ಮರೆವು, ಎರಡು ಅಂದರೆ ಗುಳಿಗೆ ಖಾಲಿ, ಮೂರು ಅಂದರೆ ಮೈಗೆ ಒಗ್ಗುವುದಿಲ್ಲ, ನಾಲ್ಕು ಅಂದರೆ ಇತರೆ. ಇತರೆಯ ಮುಂದೆ ಏನೆಂದು ಬರೆಯಲು ಒಂದು ಗೆರೆ ಎಳೆದಿದ್ದೆ. ಕಂಪ್ಯೂಟರಿಗೆ ಏರಿಸುವ ಹಾಳೆಯಲ್ಲಿ ಮಾತ್ರ ಆ ಗೆರೆಗೆ ಜಾಗ ಇಟ್ಟಿರಲಿಲ್ಲ. ವಾಕ್ಯಗಳನ್ನು ಕೂಡಿಸಿ ಸರಾಸರಿ ತೆಗೆಯಲು ಬರುವುದಿಲ್ಲವಲ್ಲ.

ತರಬೇತಿಯ ದಿನ ಇಬ್ಬರನ್ನೂ ಕೂರಿಸಿಕೊಂಡು ನಾನು ಸುಳ್ಳು ಫಾರಂಗಳನ್ನು ಹಿಡಿಯುವ ಬಗೆ ವಿವರಿಸಿದೆ. ಅದು ನನ್ನ ಪ್ರೀತಿಯ ಪಾಠ. ಮನೆಯಲ್ಲಿ ಕೂತು ಫಾರಂ ತುಂಬುವವನು ಸೋಮಾರಿ, ಒಂದೇ ಅಂಕಿಯನ್ನು ಬರೆದುಕೊಂಡು ಹೋಗುತ್ತಾನೆ. ಅವನಿಗೆ ಬಾಗಿಲು ಹಾಕಿದ ಮನೆ ಸಿಗುವುದಿಲ್ಲ, ಉತ್ತರ ಕೊಡೆನೆಂದು ಸಿಡುಕುವ ಹೆಂಗಸು ಸಿಗುವುದಿಲ್ಲ. ನಿಜವಾದ ಬದುಕಿನಲ್ಲಿ ಅಂಕಿಗಳು ಚದುರಿರುತ್ತವೆ, ಒಬ್ಬಳು ಒಂದು ದಿನ ತಪ್ಪಿಸಿದರೆ ಇನ್ನೊಬ್ಬಳು ಒಂಬತ್ತು ದಿನ ತಪ್ಪಿಸುತ್ತಾಳೆ ಎಂದೆ. ಯುವಕ ಒಂದಕ್ಷರ ಬಿಡದೆ ಬರೆದುಕೊಂಡ. ಅವಳು ಬರೆದುಕೊಳ್ಳಲಿಲ್ಲ, ಫಾರಂ ತಿರುಗಿಸಿ ಮುರುಗಿಸಿ ನೋಡುತ್ತ ಕೂತಿದ್ದಳು. ಕೊನೆಗೆ, ಕಾರಣ ಬರೆಯಲು ಇಷ್ಟೇ ಜಾಗ ಸಾಲುತ್ತದಾ ಎಂದು ಕೇಳಿದಳು. ಕೋಡ್ ಬರೆದರೆ ಸಾಕು, ಆ ಗೆರೆ ಸುಮ್ಮನೆ ಇರುವುದು ಎಂದೆ. ಪಾಠಕ್ಕೆ ಗಮನ ಕೊಡದವಳು ಎಂದು ಅವತ್ತೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ತಿಂಗಳೆರಡು ಕಳೆದು ಅಂಕಿಗಳು ಬಂದವು. ಯುವಕನ ಹಾಳೆ ನೋಡಿ ಹಿತವಾಯಿತು. ಸೊನ್ನೆ, ಎರಡು, ಏಳು, ಒಂದು, ಹನ್ನೊಂದು. ಅಲ್ಲಲ್ಲಿ ಬೀಗ ಹಾಕಿದ ಮನೆ, ಅಲ್ಲಲ್ಲಿ ಉತ್ತರ ಕೊಡಲೊಪ್ಪದವರು. ಹರಿಹರದವಳ ಹಾಳೆ ತೆರೆದೆ. ನಾಲ್ಕು. ನಾಲ್ಕು. ನಾಲ್ಕು. ಪುಟ ಕೆಳಗೆ ಸರಿಸಿದೆ, ಮತ್ತೆ ನಾಲ್ಕು. ನಡುವೆ ಎಲ್ಲೋ ಒಂದು ಸೊನ್ನೆ, ಒಂದು ಐದು, ಮತ್ತೆ ನಾಲ್ಕು. ಪಕ್ಕದ ಕಾರಣದ ಸಾಲಿನಲ್ಲಿ ಕೋಡ್ ಕೂಡ ನಾಲ್ಕು. ಬಾಗಿಲು ಹಾಕಿದ ಮನೆ ಒಂದೂ ಇಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿನ ಒಳಗೊಂದು ಖುಷಿಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಸಿಕ್ಕಿಬಿದ್ದಳು ಎಂದುಕೊಂಡೆ.

ಕೈ ಸ್ಕ್ವೇರ್ ಎಂಬ ಅಂಕಿಅಂಶದ ಪರೀಕ್ಷೆ ಮಾಡಿದೆ. ಇಬ್ಬರ ಅಂಕಿಗಳ ನಡುವಿನ ವ್ಯತ್ಯಾಸ ಆಕಸ್ಮಿಕವಾಗಿ ಬಂದದ್ದಲ್ಲ ಎಂದು ಅದು ಹೇಳಿತು. ಅಷ್ಟೇ ಹೇಳಿದ್ದು. ಇಬ್ಬರಲ್ಲಿ ಸುಳ್ಳು ಯಾರದು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಆ ಭಾಗವನ್ನು ನಾನೇ ಸೇರಿಸಿದೆ.

ಆದರೂ ನಾನು ಶಿಸ್ತಿನ ಮನುಷ್ಯ. ಕಣ್ಣಾರೆ ನೋಡದೆ ವರದಿ ಬರೆಯಬಾರದೆಂದು ಒಂದು ದಿನ ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಹಿಡಿದು ಕಡರನಾಯಕನಹಳ್ಳಿಗೆ ಹೋದೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು. ಪಟ್ಟಿಯಲ್ಲಿದ್ದ ಮೊದಲ ಮನೆಯಲ್ಲಿ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಹೋದ ತಿಂಗಳು ಒಬ್ಬ ಮೇಡಂ ಬಂದಿದ್ದರಾ ಎಂದೆ. ಬಂದಿದ್ದರು ಎಂದಳು. ಗುಳಿಗೆ ಎಷ್ಟು ದಿನ ತಪ್ಪಿಸಿದ್ದೀರಿ ಎಂದೆ.

“ತಪ್ಸೋದಿಲ್ರಿ. ದಿನಾ ತಗೋತೀವಿ.”

ಕಂಪ್ಯೂಟರಿನ ಹಾಳೆ ಪ್ರಕಾರ ಅವಳು ನಾಲ್ಕು ದಿನ ತಪ್ಪಿಸಿದ್ದಳು. ಎರಡನೆಯ ಮನೆಯಲ್ಲೂ ಇದೇ ಉತ್ತರ, ಮೂರನೆಯ ಮನೆಯಲ್ಲೂ ಇದೇ. ನಾನು ಫೈಲಿನ ಹಾಳೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ ಎಂದು ಬರೆದುಕೊಂಡೆ. ಅಲ್ಲಿಯೂ ಒಂದೇ ಅಂಕಿ ಸಾಲಾಗಿ ಬರುತ್ತಿದೆಯಲ್ಲ ಎಂದು ನನಗೆ ಅನುಮಾನ ಬರಲಿಲ್ಲ. ನನ್ನ ಅನುಮಾನಕ್ಕೆ ಅವತ್ತು ಒಂದೇ ದಿಕ್ಕು. ಚಹಾ ಕೊಡುತ್ತೇವೆ ಕೂಡ್ರಿ ಎಂದರೂ ಕೂರದೆ ಬಂದೆ.

ಡಾಕ್ಟರು ಹರಿಹರದವಳನ್ನು ತಮ್ಮ ಕೋಣೆಗೆ ಕರೆಸಿದರು. ಡಾಕ್ಟರಿಗೆ ಇದು ಇಷ್ಟವಿರಲಿಲ್ಲ, ಇನ್ನೊಮ್ಮೆ ನೋಡೋಣವೇ ಎಂದು ನನ್ನನ್ನೇ ಕೇಳಿದ್ದರು. ನಾನು ಹಟ ಹಿಡಿದಿದ್ದೆ. ಪ್ರಿಂಟ್ ತೆಗೆದ ಹಾಳೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕುಗಳ ಮೇಲೆ ಬೆರಳಾಡಿಸಿ, ಇದೇನಮ್ಮ ಎಂದೆ. ಅವಳು ಹಾಳೆಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು.

“ಫಾರಂ ಓದಿದ್ರೇನ್ರಿ ಸರ್?”

ಅಂಕಿಗಳನ್ನು ಓದಿದ್ದೇನೆ, ಅಷ್ಟು ಸಾಕು ಎಂದೆ. ಊರಿಗೆ ಹೋಗಿ ಬಂದಿದ್ದನ್ನೂ ಹೇಳಿದೆ. ಅವಳು ವಾದ ಮಾಡುತ್ತಾಳೆ, ಅಳುತ್ತಾಳೆ, ಮನೆಯ ಕಷ್ಟ ಹೇಳುತ್ತಾಳೆ ಎಂದು ಸಿದ್ಧನಾಗಿ ಕೂತಿದ್ದೆ. ಅವಳು ಏನೂ ಮಾಡಲಿಲ್ಲ. ಹಂಗಾದ್ರೆ ಓದಿಲ್ಲ ಬಿಡ್ರಿ ಎಂದು ಮೆಲ್ಲಗೆ ಅಂದು, ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಹೋದಳು. ತಪ್ಪು ಮಾಡದವರಾದರೆ ಇಷ್ಟು ಸುಮ್ಮನೆ ಹೋಗುತ್ತಾರಾ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವಳ ಫಾರಂಗಳನ್ನೆಲ್ಲ ಲೆಕ್ಕದಿಂದ ತೆಗೆದೆವು. ಉಳಿದಿದ್ದರ ಮೇಲೆ ವರದಿಯ ಕರಡು ಸಿದ್ಧವಾಯಿತು. ಹೆಂಗಸರು ಗುಳಿಗೆ ಬಿಡಲು ಮುಖ್ಯ ಕಾರಣ ಮರೆವು ಎಂದು ಅದರಲ್ಲಿ ನಾನೇ ಬರೆದೆ.

ಅದಾಗಿ ಏಳೆಂಟು ತಿಂಗಳು. ನನ್ನ ಹೆಂಡತಿಗೂ ಆಗಷ್ಟೇ ಬಿ.ಪಿ. ಕಾಣಿಸಿತ್ತು, ದಿನಕ್ಕೊಂದು ಗುಳಿಗೆ, ಬೆಳಿಗ್ಗೆ ತಿಂಡಿಯಾದ ಮೇಲೆ. ನಾಲ್ಕು ವಾರಕ್ಕೆ ಆಗುವಷ್ಟು ಒಂದೇ ಸಲ ನಾನೇ ತಂದಿಟ್ಟಿದ್ದೆ. ಅವು ಮುಗಿದಿರಬೇಕೆಂದು ಹೊಸದಾಗಿ ತಂದ ಗುಳಿಗೆ ಇಡಲು ಡಬ್ಬಿ ತೆರೆದರೆ ಹಳೆಯವು ಒಂದಷ್ಟು ಉಳಿದಿದ್ದವು. ಮೊದಲು ಅನುಮಾನ ಬಂದದ್ದು ಔಷಧಿ ಅಂಗಡಿಯವನ ಮೇಲೆ. ಆದರೆ ಹೆಚ್ಚಿಗೆ ಕೊಟ್ಟು ಮೋಸ ಮಾಡುವ ಅಂಗಡಿಯವನನ್ನು ನಾನು ಇನ್ನೂ ಕಂಡಿಲ್ಲ. ಎಣಿಸಿದೆ. ನಾಲ್ಕು.

ಅಡುಗೆಮನೆಯ ಬಾಗಿಲಲ್ಲಿ ನಿಂತು, ಗುಳಿಗೆ ತಪ್ಪಿಸುತ್ತೀಯಾ ಎಂದು ಕೇಳಿದೆ. ಇಲ್ಲವಲ್ಲ, ದಿನಾ ತಗೋತೀನಿ ಎಂದಳು. ಅಂಗೈಯಲ್ಲಿದ್ದ ನಾಲ್ಕನ್ನು ತೋರಿಸಿದೆ.

“ಅವು ಸೋಮವಾರದವು. ಅವತ್ತು ಒಪ್ಪತ್ತು, ಸಂಜೆ ಪೂಜೆ ಆಗೋತನಕ ಹೊಟ್ಟೆಗೆ ಏನೂ ಇರಲ್ಲ. ತಿಂಡಿ ಆದ್ಮ್ಯಾಲೆ ತಗೋ ಅಂದಾರೆ ಡಾಕ್ಟ್ರು, ತಿಂಡೀನೇ ಇಲ್ಲ ಅಂದ್ರೆ ಹೆಂಗೆ ತಗೊಳ್ಳಲಿ? ಅದು ತಪ್ಪಿಸಿದಂಗಲ್ಲ. ಅವತ್ತು ತಗೊಳ್ಳೋದಿಲ್ಲ, ಅಷ್ಟೇ.”

ಮದುವೆಯಾದಾಗಿನಿಂದ ಅವಳು ಸೋಮವಾರ ಹಿಡಿದಿದ್ದಾಳೆ. ನಮ್ಮ ತಾಯಿ ಹಿಡಿದಿದ್ದರು, ಅಜ್ಜಿ ಹಿಡಿದಿದ್ದರು. ನಮ್ಮ ಕಡೆ ಹೆಂಗಸರು ಯಾವುದಾದರೂ ಒಂದು ವಾರ ಹಿಡಿಯುತ್ತಾರೆ. ಶಿವನ ಮನೆಯವರಾದರೆ ಸೋಮವಾರ, ಬೇರೆಯವರಾದರೆ ಮಂಗಳವಾರವೋ ಶನಿವಾರವೋ. ಈ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ಸೋಮವಾರ ಬೆಳಿಗ್ಗೆ ಒಬ್ಬನೇ ಕೂತು ಉಪ್ಪಿಟ್ಟು ತಿಂದವನು ನಾನೇ. ವಾರಕ್ಕೊಂದು ದಿನ, ನಾಲ್ಕು ವಾರಕ್ಕೆ ನಾಲ್ಕು. ಇಡೀ ಊರನ್ನು ಅನುಮಾನಿಸುವವನಿಗೆ ತನ್ನ ಮನೆಯ ಒಲೆಯ ಮುಂದಿನದು ಕಾಣಲಿಲ್ಲ. ಅಲ್ಲೇ ಇದ್ದ ಮಣೆಯ ಮೇಲೆ ಕೂತೆ.

ಮರುದಿನ ಡಾಕ್ಟರ ಆಫೀಸಿಗೆ ಹೋಗಿ ಹರಿಹರದವಳ ಫಾರಂಗಳ ಕಟ್ಟು ಇಳಿಸಿಕೊಂಡೆ. ಮೇಲೆ ‘ತಿರಸ್ಕೃತ’ ಎಂದು ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ. ದಾರ ಬಿಚ್ಚಿದೆ. ಸುಮ್ಮನೆ ಇರುವುದು ಎಂದು ನಾನು ಹೇಳಿದ್ದ ಆ ಗೆರೆಯ ಮೇಲೆ, ಪ್ರತಿ ಫಾರಂನಲ್ಲೂ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅವಳು ಬರೆದಿದ್ದಳು. ‘ಸೋಮವಾರ ಒಪ್ಪತ್ತು, ಬೆಳಿಗ್ಗೆ ಉಣ್ಣುವುದಿಲ್ಲ, ಗುಳಿಗೆ ಬಿಡುತ್ತಾರೆ.’ ‘ಶನಿವಾರ. ದೊಡ್ಡ ಮಗನಿಗೆ ಜ್ವರ ಬಂದಾಗ ಹಿಡಿದ ವಾರ.’ ‘ಮಂಗಳವಾರ. ಅತ್ತೆ ಹಿಡಿದಿದ್ದರು, ಅವರು ಹೋದ ಮೇಲೆ ಇವರು.’ ಐದು ಎಂದಿದ್ದ ಹೆಂಗಸಿನದು ನಾಲ್ಕು ಸೋಮವಾರ, ಮತ್ತೊಂದು ಹುಣ್ಣಿಮೆ. ಬೀಗ ಹಾಕಿದ ಮನೆ ಯಾಕಿಲ್ಲ ಎಂಬುದಕ್ಕೂ ಉತ್ತರವಿತ್ತು. ಯಾವ ಮನೆಗೆ ಮೂರು ಸಲ ಹೋದೆ, ಯಾರನ್ನು ಹೊಲದಲ್ಲಿ ಕಂಡೆ ಎಂದು ಮೂಲೆಯಲ್ಲಿ ಗುರುತು ಮಾಡಿದ್ದಳು. ಅರ್ಧ ಕಟ್ಟು ಮುಗಿಯುವ ಹೊತ್ತಿಗೆ ನನಗೆ ಬೇರೆಯದೇ ಒಂದು ಪ್ರಶ್ನೆ ಎದ್ದಿತು.

ಹಳ್ಳಿಯಲ್ಲಿ ಇಷ್ಟು ಜನ ವಾರ ಹಿಡಿದರೆ ಮಂಡಿಪೇಟೆಯಲ್ಲಿ ಯಾಕಿಲ್ಲ? ಅಲ್ಲಿಯ ವ್ಯಾಪಾರದ ಮನೆಗಳು ನಮ್ಮ ಮನೆಗಿಂತ ಹತ್ತು ಪಾಲು ಕಟ್ಟುನಿಟ್ಟು. ಸೋಮವಾರ ಅಲ್ಲಿ ಮಧ್ಯಾಹ್ನ ಒಲೆ ಹಚ್ಚದ ಮನೆಗಳಿವೆ ಎಂದು ನನಗೇ ಗೊತ್ತು. ಯುವಕನ ಹಾಳೆಯನ್ನು ಮತ್ತೆ ತೆರೆದೆ. ಸೊನ್ನೆ ಇತ್ತು, ಏಳು ಇತ್ತು, ಹನ್ನೊಂದು ಇತ್ತು. ನಾಲ್ಕು ಎಲ್ಲೋ ಒಂದೆರಡು. ಎಷ್ಟು ಚೆನ್ನಾಗಿ ಚದುರಿದ್ದವು ಅಂದರೆ, ನಾನು ಹಲಗೆಯ ಮೇಲೆ ಬರೆದು ತೋರಿಸಿದ್ದೂ ಅಷ್ಟು ಚೆನ್ನಾಗಿರಲಿಲ್ಲ.

ಈ ಸಲ ಹೆಂಡತಿಯನ್ನು ಕರೆದುಕೊಂಡು ಹೋದೆ. ಮಂಡಿಪೇಟೆಯಲ್ಲಿ ಕೆಳಗೆ ಬೇಳೆಕಾಳಿನ ಅಂಗಡಿ, ಮೇಲೆ ಮನೆ. ನಾನು ಅಂಗಡಿಯಲ್ಲಿ ಮೂಟೆಗಳ ನಡುವೆ ಕೂತೆ, ಅವಳು ಮೇಲೆ ಹೋಗಿ ಮಜ್ಜಿಗೆ ಕುಡಿದು ಮಾತಾಡಿ ಬಂದಳು. ಒಂದು ಮನೆ, ಎರಡು, ಐದು. ಗುಳಿಗೆಯ ವಿಷಯ ಕೇಳಲು ಯಾವ ಹುಡುಗನೂ ಬಂದಿರಲಿಲ್ಲ. ಒಬ್ಬ ಯಜಮಾನತಿಯಂತೂ, ಬಂದಿದ್ದರೆ ನಾವೇ ಕೇಳುತ್ತಿದ್ದೆವು, ಒಪ್ಪತ್ತಿನ ದಿನ ಏನು ಮಾಡಬೇಕು ಅಂತ ಯಾರೂ ಹೇಳೋದೇ ಇಲ್ಲ ಎಂದಳಂತೆ. ಯುವಕನನ್ನು ಕರೆಸಿ ಕೇಳಿದಾಗ ಅವನು ಹೆಚ್ಚು ಹೊತ್ತು ಅಲ್ಲಗಳೆಯಲಿಲ್ಲ. ದೊಡ್ಡ ಮನೆಗಳಲ್ಲಿ ಗಂಡಸರು ಒಳಗೆ ಬಿಡುವುದಿಲ್ಲ, ಹೋಗಿ ಹೋಗಿ ಬೇಸತ್ತೆ ಎಂದ. ಆಮೇಲೆ ನೆಲ ನೋಡುತ್ತ ಹೇಳಿದ:

“ಹೆಂಗೆ ಬರೆದ್ರೆ ನಿಜ ಅನ್ಸುತ್ತೆ ಅಂತ ನೀವೇ ಹೇಳಿಕೊಟ್ಟಿದ್ರಿ ಸರ್.”

ಅವನಿಗೆ ಬೈಯದೆ ಎದ್ದು ಹೊರಟೆ. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು, ಅವನ ಫಾರಂ ತೆಗೆದು ಅವಳವನ್ನು ಸೇರಿಸಿ, ಅವಳನ್ನು ಮತ್ತೆ ಕೆಲಸಕ್ಕೆ ಕರೆಯಿರಿ, ನೀವೇ ಹೋಗಿ ಕರೆಯಿರಿ ಎಂದರು.

ಹರಿಹರದಲ್ಲಿ ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳು ಬಿಚ್ಚಿ ಹಾಕಿದ ಸೀರೆಗಳನ್ನು ಮಡಿಸುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು, ಮುಖದಲ್ಲಿ ಏನೂ ಕಾಣಲಿಲ್ಲ. ಬರ್ರಿ ಸರ್, ಕೂಡ್ರಿ ಎಂದಳು. ಆ ಮರ್ಯಾದೆಯ ಹಿಂದೆ ಏನಿದೆಯೋ ಎಂದು ನನಗೆ ಅಲ್ಲಿಯೂ ಅನುಮಾನ.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಹೇಳಿದೆ. ನಿಮ್ಮ ಫಾರಂ ಓದಿದೆ, ಅದರಲ್ಲಿದ್ದದ್ದು ನಿಜ, ತಪ್ಪು ನನ್ನದು, ಡಾಕ್ಟರು ಮತ್ತೆ ಬರಲು ಹೇಳಿದ್ದಾರೆ. ಕ್ಷಮಿಸಿ ಎಂದೂ ಹೇಳಿದೆ. ನನ್ನ ಅರ್ಧ ವಯಸ್ಸಿನವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಒಂದು ಸೀರೆಯ ಅಂಚು ಅಂಚಿಗೆ ಕೂಡಿಸಿ ಮಡಿಕೆ ಸರಿ ಮಾಡುತ್ತ ಕೇಳಿಸಿಕೊಂಡಳು.

“ಹಾಳಿ ತಿರುವಿ ಹಿಂದೆ ನೋಡಿದ್ರಾ?”

ನಾನು ನೋಡಿರಲಿಲ್ಲ. ಹಿಂದಿನ ಪುಟ ಖಾಲಿ ಬಿಟ್ಟಿದ್ದು ನಾನೇ ಆದ್ದರಿಂದ, ಅದು ಖಾಲಿಯೇ ಇದೆ ಎಂದು ನಂಬಿದ್ದೆ. ಆ ಯುವಕನ ಹಾಳೆ ಬಿಟ್ಟರೆ ಜೀವಮಾನದಲ್ಲಿ ಪರೀಕ್ಷಿಸದೆ ನಂಬಿದ್ದು ಅದೊಂದನ್ನೇ ಇರಬೇಕು. ಗೆರೆಯಲ್ಲಿ ಜಾಗ ಸಾಲದೆ ಹಿಂದೆ ಬರೆದಿದ್ದೆ ಎಂದು ಅವಳೇ ಹೇಳಿದಳು. ಗುಳಿಗೆಯನ್ನು ಒಪ್ಪತ್ತಿನ ದಿನ ಸಂಜೆ ಉಂಡ ಮೇಲೆ ತೆಗೆದುಕೊಳ್ಳಬಹುದಾ ಎಂದು ಆ ಹೆಂಗಸರು ಒಬ್ಬರಲ್ಲ ಒಬ್ಬರು ಕೇಳಿದ್ದರಂತೆ. ತನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿಕೊಂಡು ಬಂದು ಹೇಳುತ್ತೇನೆ ಎಂದು ಇವಳು ಮನೆಮನೆಗೂ ಮಾತು ಕೊಟ್ಟು ಬಂದಿದ್ದಳು. ಆ ಮಾತಿನ ಮೇಲೇ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

“ಈಗ ಸಂತ್ಯಾಗೆ ಯಾರಾದ್ರೂ ಸಿಕ್ರೆ ಕೇಳ್ತಾರೆ, ಏನಾತವ್ವ, ಡಾಕ್ಟ್ರು ಏನಂದ್ರು ಅಂತ. ನಾನು ಸರದು ಹೋಗ್ತೀನಿ. ನೀವು ನನ್ನ ಸುಳ್ಳುಗಾರ್ತಿ ಅಂದ್ರಿ. ಆ ಊರಾಗೆ ಅದು ಖರೇನೇ ಆಗೈತೆ.”

ಏಳೆಂಟು ತಿಂಗಳು. ಅಷ್ಟು ವಾರಗಳ ಅಷ್ಟು ಗುಳಿಗೆಗಳು. ಲೆಕ್ಕ ನನ್ನ ಕೆಲಸ, ಆದರೂ ಆ ಲೆಕ್ಕ ಮಾಡಲು ಧೈರ್ಯವಾಗಲಿಲ್ಲ. ಅಂಗಡಿಯ ಮೆಟ್ಟಿಲಲ್ಲಿ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಬಿಡಬಾರದು, ಹೊತ್ತು ಬದಲಾಯಿಸಬಹುದು, ಆದರೆ ಯಾರು ಯಾವ ಗುಳಿಗೆ ನುಂಗುತ್ತಿದ್ದಾರೆ ಎಂದು ಒಬ್ಬೊಬ್ಬರದೂ ನೋಡಿಯೇ ಹೇಳಬೇಕು, ಗುಳಿಗೆಯ ಹೆಸರು ಫಾರಂನಲ್ಲಿದೆ, ತನ್ನಿ, ಇವತ್ತೇ ಕೂತು ಬರೆದುಕೊಡುತ್ತೇನೆ ಎಂದರು. ಒಳಗೆ ಬಂದು ಅವಳಿಗೆ ಹೇಳಿದೆ. ನಾಳೆಯೇ ಕಡರನಾಯಕನಹಳ್ಳಿಗೆ ಹೋಗಿ ಮನೆಮನೆಗೂ ತಿಳಿಸಿ ಬರುತ್ತೇನೆ ಎಂದೆ.

“ನೀವು ಬ್ಯಾಡ್ರಿ. ನೀವು ಹೇಳಿದ್ರೆ ನಂಬೋದಿಲ್ಲ ಅವ್ರು.”

ಮಾಲೀಕನ ಹತ್ತಿರ ಹೋಗಿ ಮರುದಿನಕ್ಕೆ ರಜೆ ಕೇಳಿದಳು. ಕೆಲಸಕ್ಕೆ ಮತ್ತೆ ಬರುತ್ತಾಳಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಡಾಕ್ಟರು ಬರೆದುಕೊಟ್ಟ ಪಟ್ಟಿಯನ್ನು ಬೆಳಿಗ್ಗೆ ಮೊದಲ ಬಸ್ಸಿಗೆ ತಂದುಕೊಡಿ ಎಂದಳು. ನಾನು ಹೂಂ ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಖಂಡಿತ ತರ್ತೀರಲ್ಲ ಎಂದು ಇನ್ನೊಮ್ಮೆ ಕೇಳಿದಳು.